ಶೇಂಗಾ ಸುಲಿಯುವುದೂ ಚಿಕಿತ್ಸೆಯೇ

“ಯಾವ ದವಾಖಾನಿಗಿ ಹೋದ್ರ ನಮ್ಮ ಕೂಸು ನಡೀತೈತ್ರಿ?”

ವಿಜಯಪುರ ಜಿಲ್ಲೆಯ ತಾಲೂಕು ಊರುಗಳಲ್ಲಿ ವಿಕಲಚೇತನ ಮಕ್ಕಳ ತಪಾಸಣಾ ಶಿಬಿರ ನಡೆದಾಗಲೆಲ್ಲ ಕಿವಿಗೆ ಬೀಳುವ ಪ್ರಶ್ನೆ ಇದು. ಇಂಡಿಯವರ ಬಾಯಲ್ಲಿ ಸೊಲ್ಲಾಪುರದ ಹೆಸರು, ಸಿಂದಗಿಯವರ ಬಾಯಲ್ಲಿ ಕಲಬುರಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯವರ ಬಾಯಲ್ಲಿ ಬಾಗಲಕೋಟೆ. ಎಲ್ಲರೂ ಒಮ್ಮೆಯಾದರೂ ಮೀರಜ್ ಅನ್ನುತ್ತಾರೆ. ಈ ಪ್ರಶ್ನೆಯ ಹೊಟ್ಟೆಯಲ್ಲಿ ಎರಡು ನಂಬಿಕೆಗಳಿವೆ. ಒಂದು, ಚಿಕಿತ್ಸೆ ಎಂಬುದು ಎಲ್ಲೋ ದೂರದಲ್ಲಿದೆ. ಇನ್ನೊಂದು, ನಡೆದರೆ ಮಾತ್ರ ಮಗು ಗೆದ್ದಂತೆ. ಕಳೆದ ಮೂರೂವರೆ ದಶಕಗಳ ಸಂಶೋಧನೆ ಇವೆರಡನ್ನೂ ಅಲುಗಾಡಿಸಿದೆ. ಆ ಸುದ್ದಿ ಮಾತ್ರ ನಮ್ಮ ಹಳ್ಳಿಗಳ ತನಕ ಬಂದಿಲ್ಲ.

ಸೆರೆಬ್ರಲ್ ಪಾಲ್ಸಿ ಎಂದರೆ ಬೆಳೆಯುತ್ತಿರುವ ಮೆದುಳಿಗೆ ಬಿದ್ದ ಪೆಟ್ಟು. ಬಸಿರಲ್ಲಿದ್ದಾಗ, ಹೆರಿಗೆಯ ವೇಳೆ ಅಥವಾ ಹುಟ್ಟಿದ ಮೇಲಿನ ಎಳೆ ದಿನಗಳಲ್ಲಿ ಬಿದ್ದದ್ದು. ದಿನ ತುಂಬದೆ ಹುಟ್ಟಿದ ಕೂಸು, ಹುಟ್ಟಿದ ಕೂಡಲೇ ಅಳದ ಕೂಸು, ಕಾಮಾಲೆ ಮಿತಿಮೀರಿ ಏರಿದ ಕೂಸು, ಮೆದುಳು ಜ್ವರ ಬಂದ ಕೂಸು, ಇವರಲ್ಲಿ ಅಪಾಯ ಹೆಚ್ಚು. ಬಿದ್ದ ಪೆಟ್ಟು ಮುಂದೆ ಹರಡುವುದಿಲ್ಲ, ಮಾಯುವುದೂ ಇಲ್ಲ. ಕೈಕಾಲು ಬಿಗಿಯಬಹುದು, ಕತ್ತು ನಿಲ್ಲದಿರಬಹುದು, ಬೇಡವೆಂದರೂ ಮೈ ಹೊರಳಾಡಬಹುದು. ಆದರೆ ಮೆದುಳಿನ ಉಳಿದ ಭಾಗ ಬೆಳೆಯುತ್ತಲೇ ಇರುತ್ತದೆ, ಕಲಿಯುತ್ತಲೇ ಇರುತ್ತದೆ. ಹಾಗಾಗಿಯೇ ಈ ಸ್ಥಿತಿಯಲ್ಲಿ ‘ವಾಸಿ ಮಾಡುವ’ ವೈದ್ಯನಿಗಿಂತ ‘ಕಲಿಸುವ’ ವೈದ್ಯನಿಗೆ ಕೆಲಸ ಹೆಚ್ಚು.

ಭಾರತದ ಸಮೀಕ್ಷೆಗಳನ್ನೆಲ್ಲ ಕೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಸಾವಿರ ಮಕ್ಕಳಿಗೆ 2.95 ಎಂಬ ಲೆಕ್ಕ ಕೊಟ್ಟಿದೆ. 2011ರ ಜನಗಣತಿಯಂತೆ ವಿಜಯಪುರ ಜಿಲ್ಲೆಯಲ್ಲಿ 21.77 ಲಕ್ಷ ಜನ. ಅವರಲ್ಲಿ ಮೂರನೇ ಒಂದು ಪಾಲು ಮಕ್ಕಳು ಎಂದು ಹಿಡಿದರೆ ಇಂಥವರು ಸುಮಾರು ಎರಡು ಸಾವಿರ ಮಕ್ಕಳಾಗುತ್ತಾರೆ. ಇದು ಅಂದಾಜು ಮಾತ್ರ, ಎಣಿಸಿದ್ದಲ್ಲ. ಅಂದಾಜಿನಲ್ಲಿ ಅರ್ಧದಷ್ಟು ನಿಜವಿದ್ದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಯ ಯಾವ ದೊಡ್ಡ ಊರೂ ಇಂಥ ಮಗುವಿಲ್ಲದೆ ಇರಲಾರದು.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಸಂಗಡಿಗರು 2012ರಲ್ಲಿ ಜಗತ್ತಿನ ಅಂಕಿಅಂಶ ಜರಡಿ ಹಿಡಿದು ಪೋಷಕರಿಗೆ ಹೇಳಬಹುದಾದ ಮಾತುಗಳನ್ನು ಬರೆದಿಟ್ಟರು. ಇಂಥ ಮೂವರು ಮಕ್ಕಳಲ್ಲಿ ಒಬ್ಬರಿಗೆ ನಡೆಯಲಾಗದು, ನಾಲ್ವರಲ್ಲಿ ಒಬ್ಬರಿಗೆ ಮಾತು ಬಾರದು, ನಾಲ್ವರಲ್ಲಿ ಮೂವರಿಗೆ ನೋವಿರುತ್ತದೆ. ಬುದ್ಧಿಯ ಬೆಳವಣಿಗೆಯಲ್ಲಿ ಕೊರತೆ ಇರುವುದು ಇಬ್ಬರಲ್ಲಿ ಒಬ್ಬರಿಗೆ. ಅಂದರೆ ಅರ್ಧದಷ್ಟು ಮಕ್ಕಳಿಗೆ ಬುದ್ಧಿಮಾಂದ್ಯ ಇಲ್ಲ. “ಮಾತು ಬರಾಂಗಿಲ್ಲ, ಅದಕ್ಕೇನ್ ತಿಳೀತೈತಿ” ಎಂದು ಮೂಲೆಗೆ ಕೂರಿಸಿದ ಕೂಸಿಗೆ ಮನೆಯ ಮಾತೆಲ್ಲ ತಿಳಿಯುತ್ತಿರಬಹುದು.

ಬಾಲ್ಟಿಮೋರಿನ 48 ಕೂಸುಗಳು

ಕಲಿಸುವುದು ದೊಡ್ಡದೋ, ಮೈ ತೀಡುವುದು ದೊಡ್ಡದೋ? ಈ ಪ್ರಶ್ನೆಗೆ ನೇರ ಪರೀಕ್ಷೆ ನಡೆದದ್ದು ಅಮೆರಿಕದ ಬಾಲ್ಟಿಮೋರಿನಲ್ಲಿ. ಎರಡೂ ಕಾಲು ಬಿಗಿದ, 12ರಿಂದ 19 ತಿಂಗಳ 48 ಕೂಸುಗಳನ್ನು ಫ್ರೆಡರಿಕ್ ಪಾಮರ್ ಮತ್ತು ಜೊತೆಗಾರರು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಇಡೀ ವರ್ಷ ಫಿಸಿಯೋಥೆರಪಿ. ಇನ್ನೊಂದು ಗುಂಪಿಗೆ ಮೊದಲ ಆರು ತಿಂಗಳು ತಂದೆತಾಯಿಯೇ ಆಡಿಸುವ ಕಲಿಕೆಯ ಆಟಗಳು. ನೋಡುವುದು, ಹಿಡಿಯುವುದು, ಮಾತಾಡಿಸುವುದು, ಹುಡುಕಿಸುವುದು. ಫಿಸಿಯೋಥೆರಪಿ ಅವರಿಗೆ ದೊರೆತದ್ದು ನಂತರದ ಆರು ತಿಂಗಳಲ್ಲಿ.

ಚಲನೆಯಲ್ಲಿ ಫಿಸಿಯೋಥೆರಪಿಯ ಗುಂಪೇ ಮುಂದಿರುತ್ತದೆ ಎಂದು ಯಾರಾದರೂ ಊಹಿಸುತ್ತಿದ್ದರು. ಆದದ್ದು ತಿರುವುಮುರುವು. ವರ್ಷದ ಕೊನೆಗೆ ಬರೀ ಫಿಸಿಯೋಥೆರಪಿ ಪಡೆದವರಲ್ಲಿ ಶೇಕಡಾ 36 ಕೂಸುಗಳು ನಡೆಯುತ್ತಿದ್ದವು. ಆಟದಿಂದ ಶುರುಮಾಡಿದ ಗುಂಪಿನಲ್ಲಿ ಶೇಕಡಾ 73. 1988ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಇದನ್ನು ಪ್ರಕಟಿಸಿದಾಗ ಫಿಸಿಯೋಥೆರಪಿ ವೃತ್ತಿಯಲ್ಲಿದ್ದವರಿಗೆ ಅಷ್ಟು ಹಿಡಿಸಲಿಲ್ಲ. 48 ಕೂಸುಗಳ ಪ್ರಯೋಗ ಸಣ್ಣದು, ನಿಜ. ಅಲ್ಲಿ ಕೊಟ್ಟ ಫಿಸಿಯೋಥೆರಪಿಯೂ ಆ ಕಾಲದ್ದು. ಬರ್ಟಾ ಮತ್ತು ಕಾರೆಲ್ ಬೊಬಾಥ್ ದಂಪತಿ ಲಂಡನ್ನಿನಲ್ಲಿ ಕಟ್ಟಿದ ಪದ್ಧತಿಯದು. ಚಿಕಿತ್ಸಕರ ಕೈಯೇ ಮಗುವಿನ ಮೈಯನ್ನು ತಿದ್ದಿ ‘ಸರಿಯಾದ’ ಚಲನೆ ಮಾಡಿಸುವುದು ಅದರ ತಿರುಳು. ಇವತ್ತಿನ ಒಳ್ಳೆಯ ಫಿಸಿಯೋಥೆರಪಿಸ್ಟರು ಹಾಗೆ ಮಾಡುವುದಿಲ್ಲ. ಆದರೂ ಆಮೇಲೆ ಬಂದ ದೊಡ್ಡ ದೊಡ್ಡ ವಿಮರ್ಶೆಗಳು ಬಾಲ್ಟಿಮೋರು ತೋರಿಸಿದ ದಿಕ್ಕಿಗೇ ನಡೆದವು: ಮಗು ತಾನೇ ಮಾಡಿದ್ದು ಉಳಿಯುತ್ತದೆ, ಬೇರೆಯವರು ಅದರ ಮೈಗೆ ಮಾಡಿದ್ದು ಉಳಿಯುವುದಿಲ್ಲ.

ನಮ್ಮಲ್ಲಿ ಇಂದಿಗೂ ಮನೆಮಂದಿಗೆ ಹೇಳಿಕೊಡುವುದು ಏನು? “ದಿನಾ ಮೂರು ಸಲ ಕಾಲು ಎಳೀರಿ, ಬಿಗಿ ಬಿಡಸ್ರಿ.” ತಾಯಿ ಎಳೆಯುತ್ತಾಳೆ, ಕೂಸು ಚೀರುತ್ತದೆ. ಹೀಗೆ ಕೈಯಿಂದ ಎಳೆಯುವುದರಿಂದ ಕೀಲಿನ ಬಿಗಿಯಲ್ಲಿ ಹೇಳಿಕೊಳ್ಳುವಂಥ ಲಾಭ ಸಿಗುವುದಿಲ್ಲ ಎಂದು 2017ರ ಕಾಕ್ರೇನ್ ವಿಮರ್ಶೆ ಹೇಳಿತು. ಅದು ನರಮಂಡಲಕ್ಕೆ ಪೆಟ್ಟು ಬಿದ್ದವರು, ಬೀಳದವರು ಎಲ್ಲರನ್ನೂ ಸೇರಿಸಿ ಮಾಡಿದ ವಿಮರ್ಶೆ. ಹಾಗೆಂದು ನಾಳೆಯೇ ಎಲ್ಲ ಬಿಡಿ ಎನ್ನುತ್ತಿಲ್ಲ. ಪ್ಲಾಸ್ಟರ್ ಹಾಕಿ ಹಂತಹಂತವಾಗಿ ಬಿಡಿಸುವುದು, ಬೋಟುಲಿನಮ್ ಚುಚ್ಚುಮದ್ದು, ಸರಿಯಾಗಿ ಕೂರಿಸುವುದು, ನಿಲ್ಲಿಸುವುದು, ಇವಕ್ಕೆಲ್ಲ ತಮ್ಮ ತಮ್ಮ ಜಾಗ ಇದೆ. ಆದರೆ ದಿನದ ಮುಕ್ಕಾಲು ತಾಸನ್ನು ಕೂಸಿನ ಅಳುವಿಗೆ ಕೊಡುವ ಮೊದಲು, “ಇದರಿಂದ ಏನು ಆಗತೈತ್ರಿ?” ಎಂದು ಕೇಳುವ ಹಕ್ಕು ಆ ತಾಯಿಗಿದೆ.

ಬುಡಾಪೆಸ್ಟಿನ ದಾರಿ, ಫಿಲಡೆಲ್ಫಿಯಾದ ದಾರಿ

‘ಶಿಕ್ಷಣವೇ ಚಿಕಿತ್ಸೆ’ ಎಂದು ಗಟ್ಟಿಯಾಗಿ ಹೇಳಿದವರು ಹಂಗೇರಿಯ ವೈದ್ಯ ಆಂಡ್ರಾಶ್ ಪೆಟೋ (1893–1967). ಎರಡನೇ ಮಹಾಯುದ್ಧ ಮುಗಿದ ಮೇಲೆ ಬುಡಾಪೆಸ್ಟಿನಲ್ಲಿ ಅವರು ಕಂಡಕ್ಟಿವ್ ಎಜುಕೇಶನ್ ಎಂಬ ಪದ್ಧತಿ ಕಟ್ಟಿದರು. ಹತ್ತಾರು ಮಕ್ಕಳ ಗುಂಪು, ಅವರಿಗೆ ಒಬ್ಬ ತರಬೇತಾದ ಶಿಕ್ಷಕಿ, ಪಟ್ಟಿ ಪಟ್ಟಿ ಹೊಡೆದ ಮರದ ಮಂಚ, ಏಣಿಯಂಥ ಬೆನ್ನಿನ ಕುರ್ಚಿ. “ಕೈ ಎತ್ತುತ್ತೇನೆ, ಒಂದು, ಎರಡು, ಮೂರು” ಎಂದು ಎಲ್ಲರೂ ರಾಗವಾಗಿ ಹೇಳುತ್ತಾ ಕೈ ಎತ್ತುವುದು. ಉಣ್ಣುವುದು, ಉಡುವುದು, ಓದುವುದು ಎಲ್ಲವೂ ಅದೇ ಶಿಕ್ಷಕಿಯ ಕೈಯಲ್ಲಿ, ಅದೇ ಗುಂಪಿನಲ್ಲಿ. 1986ರಲ್ಲಿ ಬಿ.ಬಿ.ಸಿ. ಈ ಬಗ್ಗೆ ಒಂದು ಸಾಕ್ಷ್ಯಚಿತ್ರ ತೋರಿಸಿದ ಮೇಲೆ ಬ್ರಿಟನ್ನಿನ ಕುಟುಂಬಗಳು ಹಣ ಕೂಡಿಸಿಕೊಂಡು ಬುಡಾಪೆಸ್ಟಿಗೆ ಸಾಲುಗಟ್ಟಿದವು. ಮೀರಜ್‌ಗೆ ನಾವು ಹೊರಟಂತೆಯೇ.

ಆಮೇಲೆ ಅಳತೆ ಶುರುವಾಯಿತು. ಬರ್ಮಿಂಗ್‌ಹ್ಯಾಮಿನಲ್ಲಿ ಈ ಪದ್ಧತಿಯಲ್ಲಿ ಕಲಿತ ಮಕ್ಕಳನ್ನು ಸಾಮಾನ್ಯ ವಿಶೇಷ ಶಾಲೆಯ ಮಕ್ಕಳ ಜೊತೆ ಹೋಲಿಸಿ 1993ರಲ್ಲಿ ಸರ್ಕಾರಿ ವರದಿ ಬಂತು. ಪೆಟೋ ಪದ್ಧತಿಗೆ ವಿಶೇಷ ಮೇಲುಗೈ ಕಾಣಲಿಲ್ಲ. 1998ರಲ್ಲಿ ಮೆಲ್ಬರ್ನಿನ ಅಧ್ಯಯನದಲ್ಲಿಯೂ ಎರಡೂ ಕಡೆಯ ಮಕ್ಕಳು ಹೆಚ್ಚುಕಡಿಮೆ ಸಮನಾಗಿಯೇ ಮುಂದೆ ಬಂದಿದ್ದರು. 2004ರಲ್ಲಿ ಅಮೆರಿಕದ ಸೆರೆಬ್ರಲ್ ಪಾಲ್ಸಿ ಅಕಾಡೆಮಿಯ ಪರವಾಗಿ ಎಲ್ಲ ಅಧ್ಯಯನಗಳನ್ನೂ ಒಟ್ಟಿಗೆ ನೋಡಿದ ಜೋಹಾನಾ ಡಾರಾ ಮತ್ತು ಸಂಗಡಿಗರು, ಪರವಾಗಿಯೂ ವಿರುದ್ಧವಾಗಿಯೂ ತೀರ್ಪು ಕೊಡುವಷ್ಟು ಪುರಾವೆ ಇಲ್ಲ ಎಂದರು. ನನಗನ್ನಿಸುವುದು ಇಷ್ಟು: ಪೆಟೋ ಹಾಡು ಕಟ್ಟಿದ್ದು ಸರಿ, ಗುಂಪು ಕೂಡಿಸಿದ್ದು ಸರಿ, ಮಗುವಿನಿಂದ ನಿರೀಕ್ಷೆ ಇಟ್ಟುಕೊಂಡದ್ದು ಎಲ್ಲಕ್ಕಿಂತ ಸರಿ. ಅದಕ್ಕಾಗಿ ಮನೆಮಠ ಮಾರಿ ಬುಡಾಪೆಸ್ಟಿಗೆ ಹೋಗಬೇಕಿರಲಿಲ್ಲ. ಮನೆಯ ಹತ್ತಿರದ ಒಳ್ಳೆಯ ಶಾಲೆಯಲ್ಲಿಯೂ ಮಗು ಅಷ್ಟೇ ಕಲಿಯುತ್ತಿತ್ತು.

ಫಿಲಡೆಲ್ಫಿಯಾದ ದಾರಿಗೆ ಅಷ್ಟು ಮರ್ಯಾದೆ ಕೊಡಬೇಕಿಲ್ಲ. ಗ್ಲೆನ್ ಡೋಮನ್ ಮತ್ತು ಕಾರ್ಲ್ ಡೆಲಕ್ಯಾಟೊ ಹುಟ್ಟುಹಾಕಿದ ‘ಪ್ಯಾಟರ್ನಿಂಗ್’ ಪದ್ಧತಿಯಲ್ಲಿ ಮೂವರಿಂದ ಐವರು ದೊಡ್ಡವರು ಮಗುವಿನ ತಲೆ, ಕೈ, ಕಾಲು ಹಿಡಿದು ತೆವಳುವ ಹಾಗೆ ಆಡಿಸಬೇಕು. ದಿನಕ್ಕೆ ಹಲವು ಸಲ, ವಾರದ ಏಳೂ ದಿನ, ವರ್ಷಗಟ್ಟಲೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1968ರಲ್ಲಿ ಇದರ ಬಗ್ಗೆ ಎಚ್ಚರಿಸಿತು, 1982ರಲ್ಲಿ ಮತ್ತೆ ಹೇಳಿತು, 1999ರಲ್ಲಿ ಮತ್ತೊಮ್ಮೆ. ಮಗು ಸುಧಾರಿಸದಿದ್ದರೆ “ನೀವು ಸರಿಯಾಗಿ ಮಾಡಲಿಲ್ಲ” ಎಂಬ ಹೊರೆಯೂ ತಾಯಿಯ ತಲೆಗೇ ಬೀಳುತ್ತದೆ.

ಪುರಾವೆ ಏಕೆ ಬೇಕು, ಮಗು ಸುಧಾರಿಸಿದ್ದು ಕಣ್ಣಿಗೆ ಕಾಣುತ್ತದಲ್ಲ ಎನ್ನುವವರಿಗೆ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ನಡೆದದ್ದನ್ನು ಹೇಳಬೇಕು. ಒತ್ತಡದ ಕೊಠಡಿಯೊಳಗೆ ಆಮ್ಲಜನಕ ಕೊಟ್ಟರೆ ಇಂಥ ಮಕ್ಕಳು ಗುಣವಾಗುತ್ತಾರೆ ಎಂಬ ಸುದ್ದಿ ಹಬ್ಬಿತ್ತು. 111 ಮಕ್ಕಳಲ್ಲಿ ಕೆಲವರಿಗೆ ನಿಜವಾದ ಒತ್ತಡದ ಆಮ್ಲಜನಕ, ಉಳಿದವರಿಗೆ ಸ್ವಲ್ಪವೇ ಒತ್ತಡವಿದ್ದ ಬರೀ ಗಾಳಿ ಕೊಟ್ಟರು. ಯಾರಿಗೆ ಯಾವುದು ಎಂದು ಪೋಷಕರಿಗೆ ಗೊತ್ತಿರಲಿಲ್ಲ. ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು, ಅದೂ ಒಂದೇ ಅಳತೆಯಲ್ಲಿ! 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. ವಯಸ್ಸಿನೊಂದಿಗೆ ಮಗು ಬೆಳೆಯುತ್ತದೆ; ತಂದೆತಾಯಿ ದಿನವಿಡೀ ಜೊತೆಗಿದ್ದು ಆಸೆಯಿಂದ ನೋಡಿಕೊಂಡರೆ ಇನ್ನಷ್ಟು ಬೆಳೆಯುತ್ತದೆ. ಆ ಬೆಳವಣಿಗೆಯ ಬೆಲೆಯನ್ನು ಯಂತ್ರದ ಮಾಲೀಕ ವಸೂಲಿ ಮಾಡುತ್ತಾನೆ. ಸ್ಟೆಮ್ ಸೆಲ್ ಚುಚ್ಚುಮದ್ದಿನ ಹೆಸರಲ್ಲಿ ಲಕ್ಷಗಟ್ಟಲೆ ಕೇಳುವವರ ಬಗ್ಗೆಯೂ ಇದೇ ಎಚ್ಚರ ಇರಲಿ. ಅನುಮತಿ ಪಡೆದ ಸಂಶೋಧನೆಯ ಹೊರಗೆ ಇದನ್ನು ಚಿಕಿತ್ಸೆಯೆಂದು ಕೊಡುವಂತಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ.

ಹಸಿರು ದೀಪ ಬಿದ್ದದ್ದು ಯಾವುದಕ್ಕೆ?

2013ರಲ್ಲಿ ನೊವಾಕ್ ತಂಡ 64 ಬಗೆಯ ಚಿಕಿತ್ಸೆಗಳ ಪುರಾವೆಯನ್ನು ಒರೆಗೆ ಹಚ್ಚಿ ಸಿಗ್ನಲ್ ದೀಪದ ಬಣ್ಣ ಕೊಟ್ಟಿತು. ಪರಿಶೀಲಿಸಿದ 131 ಫಲಿತಾಂಶಗಳಲ್ಲಿ ‘ಧೈರ್ಯವಾಗಿ ಮಾಡಿ’ ಎಂಬ ಹಸಿರು ಸಿಕ್ಕಿದ್ದು 21ಕ್ಕೆ, ಅಂದರೆ ಶೇಕಡಾ 16ಕ್ಕೆ. ‘ಮಾಡಲೇಬೇಡಿ’ ಎಂಬ ಕೆಂಪು ಎಂಟಕ್ಕೆ. ಉಳಿದದ್ದೆಲ್ಲ ಹಳದಿ. ಕೆಲವು ವರ್ಷಗಳ ನಂತರ ಅದೇ ತಂಡ ಪಟ್ಟಿಯನ್ನು 182 ಚಿಕಿತ್ಸೆಗಳಿಗೆ ಹಿಗ್ಗಿಸಿತು. ಹಸಿರು ಬಿದ್ದವುಗಳ ಪಟ್ಟಿ ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ: ಗುರಿ ಇಟ್ಟುಕೊಂಡ ಅಭ್ಯಾಸ, ನಿಜವಾದ ಕೆಲಸವನ್ನೇ ಮಾಡಿಸುವ ಅಭ್ಯಾಸ, ಎರಡೂ ಕೈ ಬಳಸುವ ಅಭ್ಯಾಸ, ಮನೆಯಲ್ಲೇ ಮಾಡುವ ಕಾರ್ಯಕ್ರಮ, ಮಗುವಿನ ಸುತ್ತಲ ಪರಿಸರವನ್ನು ಸಮೃದ್ಧಗೊಳಿಸುವುದು, ಓದು ಬರಹ ಕಲಿಸುವುದು. ಇವುಗಳಲ್ಲಿ ಬಹುಪಾಲಿಗೆ ಯಂತ್ರ ಬೇಡ. ಅದಕ್ಕೇ ಇವನ್ನು ಮಾರಲು ಯಾರೂ ಹಳ್ಳಿಗೆ ಬರುವುದಿಲ್ಲ.

ಗುರಿ ಎಂದರೆ ಏನು ಎಂಬುದನ್ನು ನಮ್ಮ ಕಡೆಯ ಅಡಿಗೆಮನೆಯಲ್ಲೇ ನೋಡಬಹುದು. ಒಂದು ಬದಿಯ ಕೈ ಸೋತ ಏಳು ವರ್ಷದ ಹುಡುಗಿಗೆ “ಈ ರಬ್ಬರ್ ಚೆಂಡು ಹಿಚುಕು” ಎಂದರೆ ಎರಡು ದಿನ ಹಿಚುಕಿ ಬೇಸತ್ತು ಎಸೆಯುತ್ತಾಳೆ. ಅವಳಿಗೆ ಬೇಕಿರುವುದು ತಾನೇ ಜೋಳದ ರೊಟ್ಟಿ ಮುರಿದುಕೊಂಡು ಪಲ್ಯ ಹಚ್ಚಿ ಉಣ್ಣುವುದು. ರೊಟ್ಟಿ ಮುರಿಯಲು ಎರಡು ಕೈ ಬೇಕು. ಶೇಂಗಾ ಸುಲಿಯಲೂ ಎರಡು ಕೈ ಬೇಕು: ಒಂದು ಹಿಡಿಯಬೇಕು, ಇನ್ನೊಂದು ಒಡೆಯಬೇಕು. ಮೆಂತ್ಯೆ ಸೊಪ್ಪು ಬಿಡಿಸುವುದು, ಅಂಗಿಯ ಗುಂಡಿ ಹಾಕುವುದು, ಪಾಟಿ ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಒರೆಸುವುದು ಎಲ್ಲವೂ ಹಾಗೆಯೇ. ಎರಡೂ ಕೈ ಬಳಸುವ ತರಬೇತಿ ಎಂದು ವೈದ್ಯಕೀಯ ಪತ್ರಿಕೆಗಳು ಬರೆಯುವುದು ಇಂಥ ಕೆಲಸಗಳನ್ನೇ ಸಣ್ಣ ಸಣ್ಣ ಹಂತ ಮಾಡಿ, ಸುಲಭದಿಂದ ಕಷ್ಟಕ್ಕೆ ಏರಿಸಿ, ಸಾಕಷ್ಟು ಸಲ ಮಾಡಿಸುವುದಕ್ಕೆ. ಒಳ್ಳೆಯ ಕೈಯನ್ನು ಬಟ್ಟೆಯ ಚೀಲದೊಳಗಿಟ್ಟು ಸೋತ ಕೈಗೆ ಕೆಲಸ ಹಚ್ಚುವ ಇನ್ನೊಂದು ಕ್ರಮಕ್ಕೂ ಹಸಿರೇ ಬಿದ್ದಿದೆ. ಅದನ್ನು ಆಕ್ಯುಪೇಶನಲ್ ಥೆರಪಿಸ್ಟರ ಮಾತು ಕೇಳಿಯೇ ಮಾಡಬೇಕು.

ಇದಕ್ಕೆ ಎಷ್ಟು ಹೊತ್ತು ಬೇಕು? ಸಿಡ್ನಿಯ 36 ಮಕ್ಕಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚಿಕಿತ್ಸಕರು ಪೋಷಕರೊಡನೆ ಕೂತು ಗುರಿ ಆರಿಸಿದರು, ಮಾಡುವ ಬಗೆ ತೋರಿಸಿದರು, ಉಳಿದದ್ದು ಮನೆಯವರ ಕೈಗೆ ಬಿಟ್ಟರು. ಪೋಷಕರು ತಿಂಗಳಲ್ಲಿ 17–18 ಸಲ, ಪ್ರತಿ ಸಲ ಸರಾಸರಿ ಹದಿನೇಳು ನಿಮಿಷಕ್ಕಿಂತ ಕಡಿಮೆ ಹೊತ್ತು ಮಾಡಿಸಿದ್ದರು. ಎಂಟು ವಾರಗಳಲ್ಲಿ ಮಕ್ಕಳ ಕೆಲಸದಲ್ಲಿ ಸ್ಪಷ್ಟ ಸುಧಾರಣೆ ಕಂಡಿತು. ಮುದ್ದೇಬಿಹಾಳದಿಂದ ವಿಜಯಪುರ ಹತ್ತಿರ ಹತ್ತಿರ 80 ಕಿಲೋಮೀಟರ್. ಶಕ್ತಿ ಯೋಜನೆ ಬಂದ ಮೇಲೆ ತಾಯಿಯ ಬಸ್ ಚಾರ್ಜು ಉಳಿಯಿತು, ಸರಿ. ಹೋಗಿ ಬರುವ ದಿನದ ಕೂಲಿ ಉಳಿಯುವುದಿಲ್ಲ. ಬೆಳೆದ ಮಗುವನ್ನು ಸೊಂಟದ ಮೇಲೆ ಹೊತ್ತು ಬಸ್ ಹತ್ತಿ, ಅರ್ಧ ತಾಸಿನ ಥೆರಪಿಗಾಗಿ ಇಡೀ ದಿನ ಕಳೆಯುವ ಬದಲು, ಅವಳಿಗೆ ಈ ಹದಿನೇಳು ನಿಮಿಷವನ್ನು ಚೆನ್ನಾಗಿ ಕಲಿಸಿದ್ದರೆ?

ಇನ್ನೊಂದು ಪ್ರಯೋಗ ನಮ್ಮ ಪರಿಸ್ಥಿತಿಗೆ ಇನ್ನೂ ಹತ್ತಿರ. ಕೆನಡಾದ ಮೇರಿ ಲಾ ಮತ್ತು ಸಂಗಡಿಗರು 128 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದರಲ್ಲಿ ಮಗುವಿನ ಮೈಯನ್ನೂ ಕೌಶಲವನ್ನೂ ಬದಲಿಸಲು ಶ್ರಮಿಸಿದರು. ಇನ್ನೊಂದರಲ್ಲಿ ಮಗುವಿನ ತಂಟೆಗೇ ಹೋಗದೆ ಸುತ್ತಲ ಸಾಮಾನು, ಜಾಗ, ಕೆಲಸ ಮಾಡುವ ರೀತಿಯನ್ನು ಬದಲಿಸಿದರು. 2011ರಲ್ಲಿ ಬಂದ ಫಲಿತಾಂಶ: ಆರು ತಿಂಗಳಲ್ಲಿ ಎರಡೂ ಗುಂಪಿನ ಮಕ್ಕಳು ಸಮನಾಗಿ ಮುಂದೆ ಬಂದಿದ್ದರು. ಅಂದರೆ ಚಮಚದ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡುವುದು, ಗೋಡೆಯ ಮೂಲೆಯಲ್ಲಿ ಕೂರಿಸಿ ಮುಂದೆ ಎತ್ತರದ ಮಣೆ ಇಡುವುದು, ಪಾಯಖಾನೆಯಲ್ಲಿ ಹಿಡಿದುಕೊಳ್ಳಲು ಒಂದು ಪೈಪು ಕೂರಿಸುವುದು ಕೂಡ ಚಿಕಿತ್ಸೆಯ ತೂಕದ ಕೆಲಸವೇ. ಡೇವಿಡ್ ವರ್ನರ್ ಅವರ ‘ಡಿಸೇಬಲ್ಡ್ ವಿಲೇಜ್ ಚಿಲ್ಡ್ರನ್’ ಎಂಬ 1987ರ ಪುಸ್ತಕ ಇಂಥ ಉಪಾಯಗಳ ಕಣಜ. ಮೆಕ್ಸಿಕೋದ ಹಳ್ಳಿಯೊಂದರಲ್ಲಿ ಅಂಗವಿಕಲರೇ ನಡೆಸಿದ ಕೇಂದ್ರದ ಅನುಭವದಿಂದ ಹುಟ್ಟಿದ್ದು. ನಮ್ಮ ಪ್ರತಿ ಊರಿನ ಬಡಿಗರೂ ವೆಲ್ಡಿಂಗ್ ಅಂಗಡಿಯವರೂ ಅದರ ಚಿತ್ರ ನೋಡಿಯೇ ಅರ್ಧ ಸಾಮಾನು ಮಾಡಬಲ್ಲರು.

ಒಂದು ವೈದ್ಯಕೀಯ ಮಾತನ್ನು ಇಲ್ಲಿ ಸೇರಿಸದಿದ್ದರೆ ತಪ್ಪಾಗುತ್ತದೆ. ಮೂವರಲ್ಲಿ ಒಬ್ಬ ಮಗುವಿಗೆ ಸೊಂಟದ ಕೀಲು ಮೆಲ್ಲಗೆ ಜಾರುತ್ತದೆ. ನೋವು ಕಾಣಿಸಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ. ದಕ್ಷಿಣ ಸ್ವೀಡನ್ನಿನಲ್ಲಿ 1994ರಿಂದ ಇಂಥ ಎಲ್ಲ ಮಕ್ಕಳಿಗೂ ನಿಗದಿತ ಅವಧಿಗೆ ಸೊಂಟದ ಎಕ್ಸ್‌ರೇ ತೆಗೆದು ಬೇಗ ಚಿಕಿತ್ಸೆ ಮಾಡಿದ್ದರಿಂದ ಕೀಲು ತಪ್ಪುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಎಕ್ಸ್‌ರೇಗೆ ಬೆಂಗಳೂರಿಗೆ ಹೋಗಬೇಕಿಲ್ಲ. ಅದನ್ನು ಕೇಳಿ ಬರೆಸಿಕೊಳ್ಳಬೇಕು, ಅಷ್ಟೇ.

ನಡೆಯದಿದ್ದರೂ ಓದಬಹುದು

“ನಡೀತೈತೇನ್ರಿ?” ಎಂಬುದಕ್ಕೆ ಪ್ರಾಮಾಣಿಕ ಉತ್ತರ ಕೊಡಲು ಈಗ ದಾರಿಯಿದೆ. ಕೆನಡಾದ ಆಂಟೇರಿಯೋ ಪ್ರಾಂತ್ಯದ 657 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಪೀಟರ್ ರೋಸೆನ್‌ಬಾಮ್ ತಂಡ 2002ರಲ್ಲಿ ಐದು ಹಂತಗಳ ಬೆಳವಣಿಗೆಯ ಗೆರೆ ಎಳೆಯಿತು. ಸೌಮ್ಯ ಹಂತದ ಮಕ್ಕಳು ತಮ್ಮ ಚಲನೆಯ ಸಾಮರ್ಥ್ಯದ ಶೇಕಡಾ 90ರಷ್ಟನ್ನು ಸುಮಾರು ಐದನೇ ವರ್ಷಕ್ಕೆ ಮುಟ್ಟುತ್ತಾರೆ. ತೀವ್ರ ಹಂತದವರು ಮೂರು ತುಂಬುವ ಮೊದಲೇ ಮುಟ್ಟಿರುತ್ತಾರೆ. ಇದರಿಂದ ಎರಡು ಮಾತು ಹೊರಡುತ್ತವೆ. “ಎರಡು ವರ್ಷ ನೋಡೋಣ, ಗಂಡುಹುಡುಗರು ತಡವಾಗಿಯೇ ನಡೆಯುತ್ತಾರೆ” ಎಂದು ಕಾಯುವುದು ದುಬಾರಿ. ಆರು ತಿಂಗಳೊಳಗೇ ಅಪಾಯ ಗುರುತಿಸಲು ಸಾಧ್ಯ ಎಂದು 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಇನ್ನೊಂದು ಮಾತು ಕಹಿ: ಎಂಟನೇ ವರ್ಷದಲ್ಲಿಯೂ ಕೂರಲಾಗದ ಮಗುವನ್ನು ನಡೆಸುವ ಆಸೆಗಾಗಿ ಹೊಲ ಒತ್ತೆ ಇಡುವುದರಲ್ಲಿ ಅರ್ಥವಿಲ್ಲ. ಆ ಮಗುವಿಗೆ ಬೇಕಿರುವುದು ಒಳ್ಳೆಯ ಗಾಲಿಕುರ್ಚಿ, ಮಾತಿಗೆ ಒಂದು ದಾರಿ ಮತ್ತು ಅಕ್ಷರ.

ಅಕ್ಷರದ ವಿಷಯದಲ್ಲಿಯೇ ನಾವು ಇವರಿಗೆ ದೊಡ್ಡ ಅನ್ಯಾಯ ಮಾಡುತ್ತಿರುವುದು. ಮೊದಲು ಕತ್ತು ನಿಲ್ಲಲಿ, ಆಮೇಲೆ ಕೂರಲಿ, ಆಮೇಲೆ ಮಾತು, ಆಮೇಲೆ ಸಾಲಿ ನೋಡೋಣ ಎಂಬ ಸರತಿಯಲ್ಲಿ ವಯಸ್ಸು ಹನ್ನೆರಡು ದಾಟಿರುತ್ತದೆ. ಓದಲು ಕತ್ತು ನಿಲ್ಲಲೇಬೇಕೆಂದಿಲ್ಲ. ಮುಂಬೈಯ ಮಾಲಿನಿ ಚಿಬ್ 1966ರಲ್ಲಿ ಸೆರೆಬ್ರಲ್ ಪಾಲ್ಸಿಯೊಂದಿಗೆ ಹುಟ್ಟಿದವರು. ಮಾತು ಸ್ಪಷ್ಟವಿಲ್ಲ, ಕೈ ಹಿಡಿತವಿಲ್ಲ. ಅವರ ತಾಯಿ ಮಿಥು ಆಲೂರ್ 1972ರಲ್ಲಿ ಮುಂಬೈಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಕಟ್ಟಿ ಇಂಥ ಮಕ್ಕಳಿಗೆ ಶಾಲೆ ತೆರೆದರು. ಮಾಲಿನಿ ಒಂದೇ ಬೆರಳಲ್ಲಿ ಟೈಪ್ ಮಾಡುತ್ತಾ ಲಂಡನ್ನಿನಲ್ಲಿ ಎರಡು ಸ್ನಾತಕೋತ್ತರ ಪದವಿ ಮಾಡಿದರು, 2010ರಲ್ಲಿ ‘ಒನ್ ಲಿಟಲ್ ಫಿಂಗರ್’ ಎಂಬ ಆತ್ಮಕಥೆ ತಂದರು. ಎಲ್ಲ ಮಕ್ಕಳೂ ಮಾಲಿನಿ ಆಗುವುದಿಲ್ಲ, ಆಗಬೇಕೆಂದೂ ಇಲ್ಲ. ಆದರೆ ತಾಯಿ ಕಾದು ಕೂತಿದ್ದರೆ ಆ ಬೆರಳಿಗೆ ಅಕ್ಷರವೇ ಸಿಗುತ್ತಿರಲಿಲ್ಲ.

ಮಾತಿಲ್ಲದ ಮಗುವಿನ ಜೊತೆ ಶುರು ಮಾಡುವುದು ಸರಳ. ‘ಹೌದು’ ಎನ್ನಲು ಮೇಲೆ ನೋಡು, ‘ಅಲ್ಲ’ ಎನ್ನಲು ಕಣ್ಣು ಮುಚ್ಚು ಎಂಬಷ್ಟು ಒಪ್ಪಂದ ಸಾಕು. ಆಮೇಲೆ ನೀರು, ಊಟ, ನೋವು, ಆಟ, ಅಜ್ಜಿ ಎಂದು ಚಿತ್ರ ಅಂಟಿಸಿದ ರಟ್ಟು. ಕನ್ನಡಕ್ಕೆ ಇದರಲ್ಲಿ ಒಂದು ಅನುಕೂಲವೂ ಉಂಟು: ಒಂದು ಹಲಗೆಯಲ್ಲಿ ಕ ಖ ಗ ಘ, ಇನ್ನೊಂದರಲ್ಲಿ ತಲೆಕಟ್ಟು, ಇಳಿ, ಗುಡಿಸು, ಕೊಂಬು. ಮೊದಲು ಕಣ್ಣಿನಿಂದ ವ್ಯಂಜನ ಆರಿಸಿ, ಆಮೇಲೆ ಗುಣಿತ ಆರಿಸಿದರೆ ಅಕ್ಷರ ಆಯಿತು. ಅಂಗನವಾಡಿಯ ಅಕ್ಕೋರು ಒಂದು ಮಧ್ಯಾಹ್ನದಲ್ಲಿ ಇದನ್ನು ಬರೆದು ಮುಗಿಸಬಹುದು.

ನಮ್ಮ ಸರ್ಕಾರಿ ಶಾಲೆಯಲ್ಲಿಯೇ ಇದಕ್ಕೆ ಹೊಂದುವ ವ್ಯವಸ್ಥೆ ಆಗಲೇ ಇದೆ ಎನ್ನುವುದನ್ನು ಯಾರೂ ಗಮನಿಸಿದಂತಿಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ, ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ಗುಂಪಾಗಿ ಕೂರುತ್ತಾರೆ, ಕಾರ್ಡು ಹಿಡಿದು ಕಲಿಯುತ್ತಾರೆ, ಹಾಡುತ್ತಾರೆ. ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕೆಯ ಏಣಿ ಹತ್ತುತ್ತದೆ. ನಿಧಾನ ಕಲಿಯುವ ಮಗು ಇಲ್ಲಿ ಹಿಂದೆ ಬಿದ್ದ ಮಗುವಲ್ಲ. ಬುಡಾಪೆಸ್ಟಿನಲ್ಲಿ ಪೆಟೋ ಹುಡುಕಿದ ಗುಂಪು, ಹಾಡು, ನಿರೀಕ್ಷೆ ಮೂರೂ ಇಂಡಿ ತಾಲೂಕಿನ ಒಂದನೇ ತರಗತಿಯಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ರ್‍ಯಾಂಪ್, ಒಂದು ಮೂಲೆ ಕುರ್ಚಿ, ತಿಳಿವಳಿಕೆಯುಳ್ಳ ಒಬ್ಬ ಅಕ್ಕೋರು ಇದ್ದರೆ ಸಾಕು.

ಕಾಗದದ ಮೇಲೆ ಇರುವುದು, ನೆಲದ ಮೇಲೆ ಬೇಕಾದ್ದು

ಕಾನೂನು ನಮ್ಮಲ್ಲಿ ಕಡಿಮೆ ಇಲ್ಲ. 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಂದ ತಿದ್ದುಪಡಿ, ತೀವ್ರ ಅಂಗವೈಕಲ್ಯ ಇರುವ ಮಗುವಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕು ಕೊಟ್ಟಿತು. 2016ರ ವಿಕಲಚೇತನರ ಹಕ್ಕು ಕಾಯ್ದೆ ಸೆರೆಬ್ರಲ್ ಪಾಲ್ಸಿಯನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಸೇರಿಸಿ, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಎಂದಿತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಪ್ರತಿ ವಿದ್ಯಾರ್ಥಿಗೆ ವರ್ಷಕ್ಕೆ 3,500 ರೂಪಾಯಿ ಲೆಕ್ಕದಲ್ಲಿ ನೆರವಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್.ಬಿ.ಎಸ್.ಕೆ.) ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ನೋಡಬೇಕು. ನಿರಾಮಯ ಆರೋಗ್ಯ ವಿಮೆಯಲ್ಲಿ ಥೆರಪಿಯ ಖರ್ಚೂ ಸೇರಿ ಒಂದು ಲಕ್ಷದವರೆಗೆ ಸಿಗುತ್ತದೆ. ಇಂಥವರನ್ನು ಆರೈಕೆ ಮಾಡುವವರಿಗೆ ತಿಂಗಳಿಗೆ ಸಾವಿರ ರೂಪಾಯಿಯನ್ನು ರಾಜ್ಯ ಸರ್ಕಾರ ಬಜೆಟ್ಟಿನಲ್ಲಿ ಘೋಷಿಸಿದೆ.

ನೆಲದ ಮೇಲೆ ನೋಡಿದರೆ ತಾಲೂಕಿನ ನೂರಾರು ಶಾಲೆಗಳಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ಇರುವ ವಿಶೇಷ ಸಂಪನ್ಮೂಲ ಶಿಕ್ಷಕರು ಬೆರಳೆಣಿಕೆಯಷ್ಟು. ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕೆಂಬ ಪ್ರಮಾಣವನ್ನು ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ಎತ್ತಿಹಿಡಿದಿದೆ. ಆ ಲೆಕ್ಕಕ್ಕೂ ನಮ್ಮ ತಾಲೂಕುಗಳಿಗೂ ಇರುವ ಅಂತರ ಕ್ಷೇತ್ರ ಶಿಕ್ಷಣಾಧಿಕಾರಿ (ಬಿ.ಇ.ಒ.) ಕಚೇರಿಗೆ ಗೊತ್ತು. ಬೆಂಗಳೂರಿನಲ್ಲಿ 1959ರಿಂದ ಅಸೋಸಿಯೇಶನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ (ಎ.ಪಿ.ಡಿ.) ಇದೆ, 1980ರಿಂದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. ಎರಡೂ ಒಳ್ಳೆಯ ಸಂಸ್ಥೆಗಳು. ಎರಡೂ ಇಲ್ಲಿಂದ ಐನೂರು ಕಿಲೋಮೀಟರ್ ಆಚೆ. ತಮಿಳುನಾಡಿನ ತೆಂಕಾಶಿ ಬಳಿಯ ಆಯಿಕುಡಿಯಲ್ಲಿ 1981ರಿಂದ ಇರುವ ಅಮರ್ ಸೇವಾ ಸಂಗಮ ಮಾತ್ರ ಬೇರೆ ದಾರಿ ತುಳಿಯಿತು. ಹಳ್ಳಿಯವರನ್ನೇ ಕಾರ್ಯಕರ್ತರನ್ನಾಗಿ ತಯಾರು ಮಾಡಿ, ಮೊಬೈಲ್ ಆ್ಯಪ್ ಕೊಟ್ಟು, ಹಿಂದಿನಿಂದ ಥೆರಪಿಸ್ಟರು ಸಲಹೆ ಕೊಡುವಂತೆ ಮಾಡಿ ಮನೆಮನೆಗೆ ಕಳಿಸಿತು. ನಮ್ಮಲ್ಲಿ ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದೇ ಇದ್ದಾರೆ. ಬಹುಪಾಲು ಅವರೂ ವಿಕಲಚೇತನರೇ, ಗೌರವಧನದ ಮೇಲೆ ದುಡಿಯುವವರು. ಅವರ ದಿನ ಪಿಂಚಣಿ ಅರ್ಜಿ, ಅಂಗವೈಕಲ್ಯದ ಗುರುತಿನ ಯು.ಡಿ.ಐ.ಡಿ. ಕಾರ್ಡಿನ ಹಿಂದೆಯೇ ಕಳೆಯುತ್ತದೆ. ಜಿಲ್ಲಾ ಆಸ್ಪತ್ರೆ ಮತ್ತು ವಿಜಯಪುರದ ವೈದ್ಯಕೀಯ ಕಾಲೇಜುಗಳ ಥೆರಪಿಸ್ಟರು ಇವರಿಗೆ ಒಂದಷ್ಟು ದಿನ ತರಬೇತಿ ಕೊಟ್ಟು, ಫೋನಿನಲ್ಲಿ ವಿಡಿಯೋ ನೋಡಿ ಸಲಹೆ ಹೇಳುವಂತಾದರೆ ವರ್ಷಕ್ಕೊಂದು ಶಿಬಿರಕ್ಕಿಂತ ಹೆಚ್ಚಿನ ಕೆಲಸ ಆಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ತೊಡಕನ್ನು ಮಾತ್ರ ವಿದೇಶದ ಯಾವ ಅಧ್ಯಯನವೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ದಸರೆ ಮುಗಿದರೆ ನಮ್ಮ ತಾಂಡಾಗಳು ಅರ್ಧ ಖಾಲಿ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ. ಮಗುವನ್ನು ಆಯಿಯ ಹತ್ತಿರ ಬಿಟ್ಟು ಹೋಗುತ್ತಾರೆ ಇಲ್ಲವೇ ಕೆಲಸದ ಜಾಗದ ಗುಡಿಸಲಿಗೆ ಕರೆದೊಯ್ಯುತ್ತಾರೆ. ತಾಯಿಗೆ ಕಲಿಸಿದ್ದು ಅಲ್ಲಿಗೆ ನಿಂತಿತು. ಹಾಗಾಗಿ ಇಲ್ಲಿ ಯಾವ ಮನೆ-ಕಾರ್ಯಕ್ರಮ ರೂಪಿಸಿದರೂ ಮೊದಲ ದಿನವೇ ಅಜ್ಜಿಯನ್ನೂ ಕೂರಿಸಿ ಕಲಿಸಬೇಕು. ಅಣ್ಣತಂಗಿಯರನ್ನು ಕೂರಿಸಿಕೊಂಡರೆ ಇನ್ನೂ ಮೇಲು. ಆಟ ಆಡಿಸುವುದು ಅವರಿಗೆ ಬೇಸರದ ಕೆಲಸವಲ್ಲ.

ಪೋಷಕರಿಗೆ ಒಂದು ಮಾತು. ಮುಂದಿನ ಸಲ ಥೆರಪಿಗೆ ಹೋದಾಗ, ಅದು ಎಲ್ಲಿಯೇ ಇರಲಿ, ಮೂರು ಪ್ರಶ್ನೆ ಕೇಳಿ: ಈ ಮೂರು ತಿಂಗಳಲ್ಲಿ ನನ್ನ ಮಗು ಯಾವ ಕೆಲಸ ತಾನೇ ಮಾಡಲು ಕಲಿಯುತ್ತದೆ? ಅದನ್ನು ನಾನು ಮನೆಯಲ್ಲಿ ಹೇಗೆ ಮಾಡಿಸಲಿ? ಕಲಿತಿದೆಯೋ ಇಲ್ಲವೋ ಎಂದು ಇಬ್ಬರೂ ಹೇಗೆ ಅಳೆಯೋಣ? ಉತ್ತರ ಕೊಡುವವರು ಒಳ್ಳೆಯ ಥೆರಪಿಸ್ಟರು. “ಅದೆಲ್ಲ ನಿಮಗ್ಯಾಕ, ನೂರು ಸಿಟ್ಟಿಂಗ್ ಮಾಡಸ್ರಿ” ಎನ್ನುವವರಿದ್ದರೆ ಎದ್ದು ಬನ್ನಿ. ಆರು ತುಂಬಿದ ಮಗು ಮನೆಯಲ್ಲಿದ್ದರೆ ಊರಿನ ಕನ್ನಡ ಶಾಲೆಯಲ್ಲಿ ಈ ವರ್ಷವೇ ಹೆಸರು ಹಚ್ಚಿ. ಯು.ಡಿ.ಐ.ಡಿ. ಕಾರ್ಡು ಬರಲಿ ಎಂದು ಕಾಯಬೇಡಿ. ಶಾಲೆ ಇಲ್ಲ ಎನ್ನುವಂತಿಲ್ಲ. ಶಾಲೆಗೆ ಬರಲಾಗದಿದ್ದರೆ ಗೃಹಾಧಾರಿತ ಶಿಕ್ಷಣಕ್ಕೆ ಎಂದು ಬಿ.ಇ.ಒ. ಕಚೇರಿಗೆ ಒಂದು ಅರ್ಜಿ ಬರೆದುಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.